ಎಣ್ಣೆ-ನೀರು

ಪಾತ್ರೆಯನ್ನು ತೊಳೆಯುವರು, ಕಾಲನ್ನು ತೊಳೆಯುವರು, ಅಕ್ಕಿಯನ್ನೂ ತೊಳೆಯುವರು, ತಲೆಗಾದರೋ ಎರೆಯುವರು. ಕನ್ನಡದ ಹಳೆಯ ಮನೆಮಾತಿನಲ್ಲಿ ಈ ಭೇದವು ಸ್ಪಷ್ಟವಾಗಿದ್ದಿತು. ತೊಳೆಯುವ ಕೆಲಸವನ್ನು ಒಬ್ಬರೇ ಮಾಡಿಕೊಳ್ಳಬಹುದು. ಎರೆಯುವುದಕ್ಕೆ ಮಣೆಯ ಮೇಲೆ ಕುಳಿತವರೊಬ್ಬರು, ಹಿಂದೆ ನಿಂತು ಹೊಯ್ಯುವವರೊಬ್ಬರು, ಹೀಗೆ ಇಬ್ಬರು ಬೇಕು. ಸೊಂಟವನ್ನು ಮೀರಿದ ಕೂದಲನ್ನು ಎಣ್ಣೆಯ ಜಿಡ್ಡಿನಿಂದ ಬಿಡಿಸುವುದು ಬೇರೊಬ್ಬರ ಎರಡು ಕೈಗಳಿಲ್ಲದೆ ಸುಲಭವಾಗಿ ನಡೆಯದೆಂಬುದು ಅನುಭವಸ್ಥರಿಗೆ ತಿಳಿದೇ ಇದೆ. ಈಚೆಗೆ ಪಟ್ಟಣದ ವಿದ್ಯಾವಂತ ತರುಣಿಯರಲ್ಲಿ ಶಾಂಪೂವಿನ ಸೀಸೆಯನ್ನು ತ್ಯಜಿಸಿ, ನೀರು, ಸೀಗೆ, ಮೆಂತ್ಯ, ದಾಸವಾಳ ಇವುಗಳಿಂದಲೇ ಕೇಶವನ್ನು ಕಾಪಾಡಿಕೊಳ್ಳಬೇಕೆಂಬ ಅಪೇಕ್ಷೆಯು ಮರಳಿ ಹುಟ್ಟಿದೆ. ಅಪೇಕ್ಷೆಯೇನೋ ಶ್ಲಾಘ್ಯವೇ. ಆದರೆ ಅವರು ಹಿರಿಯರನ್ನು ಕೇಳುವುದು ಪದಾರ್ಥಗಳ ಪಟ್ಟಿಯನ್ನು. ಆ ಪದಾರ್ಥಗಳ ಹಿಂದೆ ಎಷ್ಟು ಕೈಗಳಿದ್ದುವು, ಅವು ಯಾರ ಕೈಗಳಾಗಿದ್ದುವು ಎಂದು ಕೇಳುವವರು ವಿರಳ.

ವಿನೋದವೇನೆಂದರೆ, ತ್ಯಜಿಸಬೇಕೆನ್ನುವ ಆ ‘ಶಾಂಪೂ’ ಎಂಬ ಶಬ್ದವೂ ಮೂಲದಲ್ಲಿ ಕೈಗೆ ಸಂಬಂಧಪಟ್ಟುದೇ. ಹಿಂದೀ ಭಾಷೆಯಲ್ಲಿ ‘ಚಾಂಪ್ನಾ’ ಎಂದರೆ ಒತ್ತುವುದು, ಅದುಮುವುದು. 1759ರಲ್ಲಿ ಪಾಟ್ನಾದಲ್ಲಿ ಜನಿಸಿದ ದೀನ್ ಮಹಮ್ಮದ್ ಎಂಬಾತನು ಇಂಗ್ಲೆಂಡಿಗೆ ಹೋಗಿ, ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಹಬೆಯ ಸ್ನಾನಗೃಹವನ್ನು ತೆರೆದು, ಅಲ್ಲಿಯ ಶ್ರೀಮಂತರಿಗೆ ಮೈಯೊತ್ತಿಸಿ ಹೆಸರಾದನು. 1822ರಲ್ಲಿ ಆ ವಿದ್ಯೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದನು. ಮೈಯೊತ್ತುವುದು ಎಂಬ ಅರ್ಥವು ಆ ಶತಮಾನವು ಮುಗಿಯುವುದರೊಳಗೆ ತಲೆಯನ್ನು ತೊಳೆಯುವುದು ಎಂದು ಮಾರ್ಪಟ್ಟಿತು. ಬಳಿಕ ತೊಳೆಯುವ ದ್ರವಕ್ಕೇ ಆ ಹೆಸರು ನಿಂತಿತು. ಕೈ ಹೋಯಿತು, ಸೀಸೆ ಉಳಿಯಿತು.

ಪ್ರಾಚೀನರು ಈ ಪದಾರ್ಥಗಳಲ್ಲಿ ನೊರೆಯನ್ನೇ ಮುಖ್ಯ ಲಕ್ಷಣವಾಗಿ ಹಿಡಿದಿದ್ದರು. ಅಮರಕೋಶದಲ್ಲಿ ಅಂಟುವಾಳಕ್ಕೆ ಅರಿಷ್ಟವೆಂಬುದರ ಜೊತೆಗೆ ಫೇನಿಲವೆಂಬ ಹೆಸರೂ, ಸಪ್ತಲೆಗೆ ಭೂರಿಫೇನಾ ಎಂಬ ಹೆಸರೂ ಉಂಟು. ಸಪ್ತಲೆಯೆಂದರೆ ಸೀಗೆಯೇ ಎಂದು ಹಲವರು ಅರ್ಥಮಾಡುವರು. ಭೂರಿಫೇನಾ ಎಂದರೆ ಬಹಳ ನೊರೆಯುಳ್ಳವಳು. ಇಂದಿನ ಸೀಸೆಯ ನೊರೆಯನ್ನು ನೋಡಿದ ಕಣ್ಣಿಗೆ ಸೀಗೆಯ ನೊರೆಯು ಅಲ್ಪವಾಗಿ ತೋರುವುದರಿಂದ, ಈ ಹೆಸರನ್ನು ಕೇಳಿದ ಹುಡುಗಿಯರು ನಕ್ಕರೆ ಆಶ್ಚರ್ಯವಿಲ್ಲ. ರಸಾಯನಶಾಸ್ತ್ರಜ್ಞರು ಈ ನೊರೆಗೆ ಕಾರಣವಾದ ದ್ರವ್ಯವನ್ನು ಸಪೋನಿನ್ ಎನ್ನುವರು. ಅದರ ಅಣುವಿನ ಒಂದು ಭಾಗಕ್ಕೆ ನೀರಿನಲ್ಲಿ ಒಲವು, ಇನ್ನೊಂದು ಭಾಗಕ್ಕೆ ಜಿಡ್ಡಿನಲ್ಲಿ. ಎರಡನ್ನೂ ಹಿಡಿದುಕೊಂಡು ಜಿಡ್ಡನ್ನು ನೀರಿನೊಡನೆ ಹೊರಡಿಸುವುದೇ ಅದರ ಕೆಲಸ. ಸಾಬೂನೂ ಶಾಂಪೂವೂ ಮಾಡುವುದು ಇದನ್ನೇ. ಭೇದವಿರುವುದು ಬೇರೆಡೆ. ಸಾಬೂನು ಕ್ಷಾರ, ಸೀಗೆಯ ನೀರು ತುಸು ಆಮ್ಲ. ಕೂದಲಿನ ಎಳೆಯ ಮೇಲೆ ಮಲೆನಾಡಿನ ಮನೆಯ ಹೆಂಚುಗಳಂತೆ ಸೂಕ್ಷ್ಮವಾದ ಸಿಪ್ಪೆಗಳು ಒಂದರಮೇಲೊಂದು ಕವಿದಿರುವುವು. ಕ್ಷಾರವು ತಗುಲಿದರೆ ಅವು ಎದ್ದು ನಿಲ್ಲುವುದರಿಂದ ಎಳೆಗೆ ಎಳೆ ತೊಡರುವುದು. ಲಘುವಾದ ಆಮ್ಲವು ತಗುಲಿದರೆ ಅಡಗಿ ಕುಳಿತು ಹೊಳಪು ಕಾಣುವುದು. ಸಾಬೂನಿಗೆ ಇನ್ನೊಂದು ದೋಷವೂ ಉಂಟು. ಸುಣ್ಣದ ಅಂಶವುಳ್ಳ ಗಡಸು ನೀರಿನೊಡನೆ ಸೇರಿ ಅದು ಬಿಳಿಯ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುವುದು. ಸೀಗೆಗೆ ಆ ಬಾಧೆಯಿಲ್ಲ. ಶಾಸ್ತ್ರದ ಮಾತು ಇಷ್ಟು ಸಾಕು.

ತೀರ್ಥಹಳ್ಳಿಯ ಸೀಮೆಯಲ್ಲಿ, ತುಂಗೆಯ ದಡದ ಒಂದು ಮನೆಯಲ್ಲಿ, ಈ ವಿದ್ಯೆಯೆಲ್ಲವೂ ಒಬ್ಬ ಹೆಂಗಸಿನ ಕೈಯಲ್ಲಿದ್ದಿತು. ಮನೆಯ ಮಕ್ಕಳಿಗೆ ಆಕೆ ಸೋದರತ್ತೆ. ಆದುದರಿಂದ ಊರಿಗೆಲ್ಲ ಆಕೆ ‘ಅತ್ತೆ’ಯೇ ಆಗಿದ್ದರು. ಬೇಸಿಗೆಯು ಆರಂಭವಾಗುತ್ತಲೂ ಕಾಡಿನ ಮುಳ್ಳುಬಳ್ಳಿಯಿಂದ ಇಳಿಸಿ ತಂದ ಸೀಗೇಕಾಯಿಯನ್ನು ಅಂಗಳದಲ್ಲಿ ಹರವಿ, ಅಲುಗಿಸಿದರೆ ಗಲಗಲ ಎನ್ನುವವರೆಗೆ ಒಣಗಿಸಿ, ಬೀಜವನ್ನು ತೆಗೆದು, ಒರಳಿಗೆ ಹಾಕಿ ಕುಟ್ಟಿಸುವರು. ಕುಟ್ಟುವ ದಿನ ಮನೆಯ ಬೆಕ್ಕು ಕೂಡ ಆ ಕಡೆ ಸುಳಿಯುತ್ತಿರಲಿಲ್ಲ. ಸೀಗೆಯ ಘಾಟು ಅಂಥದು. ಮೂಗಿಗೆ ಬಟ್ಟೆಯನ್ನು ಕಟ್ಟಿಕೊಂಡರೂ ಸೀನು ತಪ್ಪದು. ಅದರೊಡನೆ ಹುರಿಯದ ಮೆಂತ್ಯ, ಹೆಸರುಕಾಳು, ಒಣಗಿದ ದಾಸವಾಳದ ಹೂ, ಕಿತ್ತಳೆಯ ಸಿಪ್ಪೆ, ಸ್ವಲ್ಪವೇ ಅಂಟುವಾಳ ಇವುಗಳನ್ನು ಸೇರಿಸಿ, ತೆಳುಬಟ್ಟೆಯಲ್ಲಿ ಶೋಧಿಸಿ ಡಬ್ಬಿಗೆ ತುಂಬುವರು. ಶೋಧಿಸುವುದನ್ನು ಅತ್ತೆ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ತರಿ ಉಳಿದರೆ ಅದು ಕೂದಲಿನಲ್ಲಿ ಸಿಕ್ಕಿಕೊಂಡು ಮೂರು ದಿನ ಉದುರುವುದೆಂಬುದನ್ನು ಆಕೆ ಕಂಡಿದ್ದರು. ಬಯಲುಸೀಮೆಯ ನೆಂಟರು ಚಿಗರೆಪುಡಿಯನ್ನು ಹೊಗಳಿದರೆ ಆಕೆ ಮರುಮಾತಾಡದೆ ನಗುವರು, ಆ ಚಿಗರೆಯ ಪೊಟ್ಟಣವನ್ನು ಮಾತ್ರ ತೆಗೆದಿಟ್ಟುಕೊಳ್ಳುವರು.

ಮಂಗಳವಾರ, ಶುಕ್ರವಾರಗಳಲ್ಲಿ ಹೆಂಗಸರಿಗೆ ಎರೆಯುವ ಸರದಿ. ತಾವು ಮಡಿಯುಡುವುದಕ್ಕೆ ಮೊದಲೇ ಅತ್ತೆ ಬಚ್ಚಲುಮನೆಯನ್ನು ಸೇರುವರು. ಹಂಡೆಯಲ್ಲಿ ನೀರು ಕಾಯುತ್ತಿರುವುದು. ನೆತ್ತಿಗೆ ಹರಳೆಣ್ಣೆ, ಎಳೆಗಳಿಗೆ ತೆಂಗಿನೆಣ್ಣೆ. ಎಣ್ಣೆಯು ಹಿಡಿಯುವವರೆಗೆ ಕಾದು, ದಾಸವಾಳದ ಎಲೆಯನ್ನು ಕಿವುಚಿದ ಲೋಳೆಯನ್ನು ತುದಿಗಳಿಗೆ ಹಚ್ಚಿ, ಸಿಕ್ಕನ್ನು ಬೆರಳಿನಿಂದಲೇ ಬಿಡಿಸಿ, ಆಮೇಲೆ ಗಂಜಿಯ ತಿಳಿಯಲ್ಲಿ ಕಲಸಿದ ಸೀಗೆಯನ್ನು ಬುಡಕ್ಕೆ ಮಾತ್ರ ತೀಡುವರು. ಬುಡದಲ್ಲಿ ಜಿಡ್ಡು ಹುಟ್ಟುವುದು, ತುದಿಗೆ ಜಿಡ್ಡು ಬೇಕು. ಆದುದರಿಂದ ಬುಡವನ್ನು ತೀಡಿ ಹರಿದ ನೀರೇ ತುದಿಗೆ ಸಾಕೆಂಬುದು ಆಕೆಯ ಕ್ರಮ. ಕಣ್ಣಿಗೆ ಸೀಗೆ ಬಿದ್ದು ಕಿರಿಚಿದ ಮಕ್ಕಳ ಕಣ್ಣಿಗೆ ತಣ್ಣೀರು ಎರಚುವರೇ ಹೊರತು ಅವಸರ ಮಾಡುತ್ತಿರಲಿಲ್ಲ. ಮೊದಲನೆಯ ಬಿಂದಿಗೆಯಿಂದ ಸಾಂಬ್ರಾಣಿಯ ಹೊಗೆಯವರೆಗೆ ಒಂದು ತಲೆಗೆ ಒಂದು ಗಂಟೆಯಾದರೂ ಹಿಡಿಯುವುದು. ಆ ಮನೆಯಲ್ಲಿ ಐದು ತಲೆಗಳಿದ್ದುವು.

ಆರನೆಯದಾದ ಅತ್ತೆಯ ತಲೆಯಲ್ಲಿ ಕೂದಲಿರಲಿಲ್ಲ.

ಆಕೆಗೆ ಮದುವೆಯಾದಾಗ ಒಂಬತ್ತು ವರ್ಷ. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವ ಶಾಸನವಾಗಿದ್ದಿತು. ಆದರೆ ಅದು ತಡೆದದ್ದು ಎಂಟು ತುಂಬದ ಹುಡುಗಿಯರ ಮದುವೆಯನ್ನು. ಒಂದು ವರ್ಷದ ಅಂತರದಲ್ಲಿ ಈಕೆ ಶಾಸನದ ಹೊರಗುಳಿದರು. ಹನ್ನೆರಡರಲ್ಲಿ ಪತಿ ತೀರಿಹೋದನು. ಮೈನೆರೆದ ಮೇಲೆ ನಡೆದುದೇನೆಂಬುದನ್ನು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು (1976) ಓದಿದವರಿಗೆ ವಿವರಿಸಬೇಕಾದುದಿಲ್ಲ. ಧರ್ಮಶಾಸ್ತ್ರದ ಹೆಸರಿನಲ್ಲಿ ನಡೆದ ಆ ಕ್ರೌರ್ಯಕ್ಕೆ ಶಾಸ್ತ್ರವನ್ನು ಓದಿದವರೇ ಹೆಚ್ಚು ಉತ್ತರಕೊಡಬೇಕಾದವರು, ಅವರು ಕೊಡಲಿಲ್ಲ. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಆಕೆ ತವರಿಗೆ ಮರಳಿದರು. ಅಲ್ಲಿಂದ ಮುಂದೆ ಹಿತ್ತಿಲಿನ ಹಲಸಿನ ಮರದ ಕೆಳಗೆ ಕ್ಷೌರಿಕನು ಬಂದು ಕೂರುವ ದಿನಗಳು ಬಂದುವು, ಹೋದುವು. ಆ ದಿನಗಳಲ್ಲಿ ಅತ್ತೆ ತಮ್ಮ ತಲೆಗೆ ತಾವೇ ಬರಿಯ ನೀರನ್ನು ಹೊಯ್ದುಕೊಳ್ಳುವರು. ಅದಕ್ಕೆ ಎರಡನೆಯವರು ಬೇಕಾಗಿರಲಿಲ್ಲ.

1958ರಲ್ಲಿ ಆಕೆಯ ತಮ್ಮನ ಮಗಳಿಗೆ, ಹದಿಮೂರು ವರ್ಷದ ಹುಡುಗಿಗೆ, ವಿಷಮಶೀತಜ್ವರ ಬಂದಿತು. ತೀರ್ಥಹಳ್ಳಿಯ ಡಾಕ್ಟರರ ಔಷಧದಿಂದ ಜ್ವರವು ಇಳಿಯಿತು. ಹುಡುಗಿ ಗಂಜಿಯನ್ನು ಕುಡಿದು, ಅನ್ನವನ್ನು ಉಂಡು, ಜಗಲಿಯಲ್ಲಿ ಓಡಾಡತೊಡಗಿದಳು. ಎಲ್ಲವೂ ಮುಗಿಯಿತೆಂದು ಮನೆಯವರು ನಿಟ್ಟುಸಿರುಬಿಟ್ಟು ಎರಡು ತಿಂಗಳಾದ ಮೇಲೆ ಕೂದಲು ಉದುರಲಾರಂಭಿಸಿತು. ಬಾಚಣಿಗೆಯ ತುಂಬ, ದಿಂಬಿನ ತುಂಬ, ಬಚ್ಚಲ ತೂಬಿನ ತುಂಬ ಕೂದಲು. ಹುಡುಗಿ ಅಳುವುದನ್ನೂ ಬಿಟ್ಟು ಮೂಲೆಯಲ್ಲಿ ಕೂರತೊಡಗಿದಳು. ನೆರೆಹೊರೆಯವರು ಒಂದೇ ಮಾತನ್ನು ಹೇಳಿದರು: ಒಮ್ಮೆ ಬೋಳಿಸಿಬಿಡಿ, ಮತ್ತೆ ದಟ್ಟವಾಗಿ ಬರುವುದು. ಜ್ವರದ ತರುವಾಯ ಹೀಗೆ ಮಾಡುವುದು ಆ ಕಾಲದಲ್ಲಿ ವಾಡಿಕೆಯೇ ಆಗಿದ್ದಿತು. ತಾಯಿ ಒಪ್ಪಿದಳು, ತಂದೆ ಕ್ಷೌರಿಕನಿಗೆ ಹೇಳಿಕಳುಹಿಸಿದನು.

ಆ ಮನೆಯಲ್ಲಿ ನಾಲ್ವತ್ತು ವರ್ಷಗಳಿಂದ ಯಾವ ವಿಷಯಕ್ಕೂ ಬೇಡವೆಂದು ಹೇಳದಿದ್ದ ಅತ್ತೆ ಅಡಿಗೆಮನೆಯ ಹೊಸ್ತಿಲಿನವರೆಗೆ ಬಂದು ನಿಂತರು.

“ತಮ್ಮಾ, ಆ ಮಗುವಿನ ತಲೆಗೆ ಕತ್ತಿ ಮುಟ್ಟಿಸಬೇಡ.”

“ಮತ್ತೆ ಬೆಳೆಯುತ್ತದಲ್ಲ ಅಕ್ಕಾ. ಒಳ್ಳೆಯದಕ್ಕೇ ಹೇಳುತ್ತಿದ್ದಾರೆ.”

“ಬೆಳೆಯುತ್ತದೆ. ನನ್ನದೂ ತಿಂಗಳಿಗೊಮ್ಮೆ ಬೆಳೆಯುತ್ತದೆ. ಕತ್ತಿಯಿಂದ ದಟ್ಟವಾಗುವುದಾಗಿದ್ದರೆ ನನ್ನದು ಇಷ್ಟು ಹೊತ್ತಿಗೆ ಎಷ್ಟು ದಟ್ಟವಾಗಬೇಕಾಗಿತ್ತು?”

ಇದಕ್ಕೆ ಆತನಲ್ಲಿ ಉತ್ತರವಿರಲಿಲ್ಲ. ಇಂದಿನ ವೈದ್ಯರಲ್ಲಿಯೂ ಬೇರೆ ಉತ್ತರವಿಲ್ಲ. ಕತ್ತಿಯು ಚರ್ಮದ ಮೇಲಿನ ಎಳೆಯನ್ನು ಕತ್ತರಿಸುವುದೇ ಹೊರತು ಒಳಗಿನ ಬೇರನ್ನು ಮುಟ್ಟಲಾರದು. ಮೊಂಡಾದ ತುದಿಯು ಕೈಗೆ ಒರಟಾಗಿ ತಗುಲುವುದರಿಂದ ದಪ್ಪವಾದಂತೆ ತೋರುವುದು, ಅಷ್ಟೆ. ಕ್ಷೌರಿಕನು ಬಂದಾಗ ಅವನಿಗೆ ಕಾಫಿಯನ್ನು ಕೊಟ್ಟು ಕಳುಹಿಸಿದರು.

ಅತ್ತೆಗೆ ಧೈರ್ಯವು ಎಲ್ಲಿಂದ ಬಂದಿತೆಂಬುದನ್ನು ಹುಡುಗಿಯ ತಾಯಿ ಆಮೇಲೆ ಕೇಳಿ ತಿಳಿದುಕೊಂಡಳು. ಬಾಣಂತಿಯರ ಕೂದಲು ಹೆರಿಗೆಯಾದ ಮೂರನೆಯ ತಿಂಗಳಿಗೆ ಹೀಗೆಯೇ ಉದುರಿ, ಮಗು ಹೆಜ್ಜೆಯಿಡುವ ಹೊತ್ತಿಗೆ ಮರಳಿ ಬರುವುದನ್ನು ಆಕೆ ಆ ಬಚ್ಚಲುಮನೆಯಲ್ಲಿ ಎಷ್ಟೋ ಸಲ ಕಂಡಿದ್ದರು. “ಮೈಗೆ ದೊಡ್ಡ ಏಟು ಬಿದ್ದಾಗ ತಲೆ ಕೆಲಸ ನಿಲ್ಲಿಸುತ್ತದೆ. ಎರಡು ಮೂರು ತಿಂಗಳು ಕಳೆದ ಮೇಲೆ ಹಳೆಯದನ್ನು ಬಿಸಾಡಿ ಹೊಸದಕ್ಕೆ ತೊಡಗುತ್ತದೆ,” ಎಂದರಂತೆ. ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ತರುವಾಯ ಎಳೆಗಳನ್ನು ಒಟ್ಟಿಗೆ ಬಿಡುವುವೆಂದು ವೈದ್ಯಗ್ರಂಥಗಳು ಹೇಳುವುದೂ ಇದನ್ನೇ. ಬಿದ್ದ ಎಳೆಯನ್ನು ನೂಕಿದುದು ಹೊಸ ಎಳೆಯೇ ಆಗಿರಬಹುದು. ಅದು ಕಾಣುವುದಕ್ಕೆ ತಿಂಗಳುಗಳು ಬೇಕು, ಏಕೆಂದರೆ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು ಮಾತ್ರ.

ಆ ಆರು ತಿಂಗಳು ಹುಡುಗಿಯ ತಲೆಯನ್ನು ಅತ್ತೆ ಬೇರೆಯವರ ಕೈಗೆ ಕೊಡಲಿಲ್ಲ. ಸೀಗೆಯನ್ನು ನಿಲ್ಲಿಸಿದರು. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಹೆಸರುಹಿಟ್ಟಿನ ತಿಳಿ, ತುದಿಗೆ ಎರಡು ಹನಿ ಎಣ್ಣೆ. ಬಾಚಣಿಗೆಯ ಬದಲು ಬೆರಳು. ಉದುರಿದ ಕೂದಲನ್ನು ಹುಡುಗಿಗೆ ಕಾಣದಂತೆ ಸೆರಗಿನ ಮರೆಯಲ್ಲಿ ಸುತ್ತಿ ಒಲೆಯ ಹಿಂದಕ್ಕೆ ಸೇರಿಸುವರು. ಮಾಘಮಾಸದ ಹೊತ್ತಿಗೆ ನೆತ್ತಿಯ ಅಂಚಿನಲ್ಲಿ ಗಿಡ್ಡ ಕೂದಲು ಗರಿಕೆಯಂತೆ ಎದ್ದು ನಿಂತಿತು. ಹೆಸರುಹಿಟ್ಟಿನಿಂದ ಬಂದಿತೆಂದು ಊರವರು ಅಂದರು. ಹಿಟ್ಟಾಗಲಿ ಸೀಗೆಯಾಗಲಿ ಲೋಳೆಯಾಗಲಿ ಸತ್ತ ಎಳೆಯನ್ನು ನಯವಾಗಿ ಇಡಬಲ್ಲುದೇ ಹೊರತು ಬೇರಿಗೆ ಅನ್ನವಿಕ್ಕಲಾರದು. ಕೂದಲು ಬಂದದ್ದು ತನ್ನ ಕಾಲಕ್ಕೆ ತಾನು. ಅತ್ತೆಯೂ ಅದನ್ನೇ ಹೇಳಿದರು. ಊರವರು ಕೇಳಲಿಲ್ಲ, ಹೆಸರುಹಿಟ್ಟನ್ನೇ ಹಿಡಿದುಕೊಂಡರು.

ಅತ್ತೆ ತೀರಿಕೊಂಡುದು 1971ರಲ್ಲಿ. ಆ ಹುಡುಗಿಗೆ ಈಗ ಎಂಬತ್ತು. ಬೆಂಗಳೂರಿನಲ್ಲಿರುವ ಆಕೆಯ ಮೊಮ್ಮಗಳು ಶಾಂಪೂವನ್ನು ಬಿಟ್ಟು, ಯಾರೋ ಹೇಳಿದರೆಂದು ಅಡಿಗೆ ಸೋಡವನ್ನು ನೀರಿನಲ್ಲಿ ಕಲಸಿ ತಲೆಗೆ ಹಚ್ಚಿಕೊಂಡು, ಕೂದಲು ತೆಂಗಿನ ನಾರಿನಂತಾದ ಮೇಲೆ ಅಜ್ಜಿಯನ್ನು ಕೇಳಿದಳು. ಸೋಡವೂ ಕ್ಷಾರವೇ, ಮನೆಯ ಕೊಳವೆಬಾವಿಯ ನೀರೋ ಮೊದಲೇ ಗಡಸು. ಅಜ್ಜಿ ಸೀಗೆಯನ್ನು ತರಹೇಳಿದರು. ಅಂಗಡಿಯ ಪೊಟ್ಟಣದ ಸೀಗೆಯ ಹಿಂದೆಯೂ ಕೈಗಳುಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು ನೆಲ್ಲಿಗಳೊಡನೆ ಸೀಗೆಯನ್ನೂ ಆಯ್ದು ಬದುಕಿದವರು. ವನ್ಯಧಾಮದಲ್ಲಿ ಆಯುವುದನ್ನು ಸರ್ಕಾರವು ತಡೆದಾಗ ಅವರ ಜೀವನವೇ ಕುಂದಿತು. 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಆ ಹಕ್ಕು ಅವರಿಗೆ ಮರಳಿತು.

ಅತ್ತೆಯ ಪುಡಿಯ ಅಳತೆಯನ್ನು ಅಜ್ಜಿ ಹುಡುಗಿಯಾಗಿದ್ದಾಗಲೇ ಶಾಲೆಯ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರು. ಸೀಗೆ ಒಂದು ಸೇರು. ಹೆಸರು ಅರ್ಧ ಪಾವು. ಅಂಟುವಾಳ ಏಳು ಕಾಯಿ. ಮೆಂತ್ಯ ಅತ್ತೆಯ ಕೈಯಲ್ಲಿ ಎರಡು ಹಿಡಿ. ಮೊಮ್ಮಗಳು ತನ್ನ ಕೈಯಲ್ಲಿ ಎರಡು ಹಿಡಿ ಹಾಕಿದಳು. ಪುಡಿಯು ನೀರಿಗೆ ಬಿದ್ದೊಡನೆ ಲೋಳೆಯಾಗಿ ಕೂದಲಿನಿಂದ ಬಿಡದಾಯಿತು. ಅತ್ತೆಯ ಕೈ ಬಹಳ ಸಣ್ಣದಾಗಿತ್ತೆಂಬುದು ಅಜ್ಜಿಗೆ ಆಗ ನೆನಪಾಯಿತು. ಮುಂದಿನ ಸಲ ಒಂದೇ ಹಿಡಿ ಹಾಕಲು ಹೇಳಿ, ಮಣೆಯೊಂದನ್ನು ಬಚ್ಚಲಿಗೆ ತರಿಸಿಕೊಂಡರು.