ನೆತ್ತಿಗೆ ಎಣ್ಣೆ

ಮಿನರ್ವ ಸರ್ಕಲ್ಲಿನಲ್ಲಿ ನಮಗೆ ಎರಡು ಕೆಂಪು ದೀಪ. ಒಂದು ಟ್ರಾಫಿಕ್ಕಿನದು, ಇನ್ನೊಂದು ನಮ್ಮ ಪ್ರೀಮಿಯರ್ ಪದ್ಮಿನಿಯ ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಶರಿನದು. ಮೊದಲನೆಯದಕ್ಕೆ ಕಾರು ನಿಂತು ಅರ್ಧ ನಿಮಿಷವಾಗಿರುವುದಿಲ್ಲ, ಎರಡನೆಯದು ಮಿಣಮಿಣ ಎನ್ನುತ್ತಿತ್ತು. ಅಪ್ಪ ಆಕ್ಸಲರೇಟರ್ ಒಂದಿಷ್ಟು ಅದುಮುತ್ತಿದ್ದರು. ದೀಪ ಆರುತ್ತಿತ್ತು. "ನೋಡು, ಏನೂ ಆಗಿಲ್ಲ" ಎನ್ನುತ್ತಿದ್ದರು. ತಮ್ಮ ರಕ್ತದೊತ್ತಡದ ವಿಷಯದಲ್ಲೂ ಅವರದು ಇದೇ ನಿಲುವು.

ಈ ಕಾರು ನಮ್ಮೂರಿನದೇ ಆಗಬಹುದಿತ್ತು ಎಂಬುದು ಅಪ್ಪನ ಕೊರಗು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಕಾರು ಕಾರ್ಖಾನೆಯ ಯೋಜನೆ ಹೊತ್ತು ಯುರೋಪು, ಅಮೆರಿಕ ಸುತ್ತಿ ಬಂದವರು. ಅವರ ಜೊತೆ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೇ ಶುರುಮಾಡಿದರು. ಆದರೆ 1944ರಲ್ಲಿ ಅವರು ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಮಾತ್ರ ಮುಂಬಯಿಯ ಪಾಲಾಯಿತು. ಹಾಗಾಗಿ ಇಟಲಿಯ ಫಿಯೆಟ್ 1100, ಕುರ್ಲಾದಲ್ಲಿ ಪದ್ಮಿನಿ ಎಂದು ಹೆಸರಿಡಿಸಿಕೊಂಡು, 1978ರಲ್ಲಿ ನಮ್ಮ ಬಸವನಗುಡಿಯ ಮನೆಗೆ ಸೊಸೆಯಂತೆ ಬಂದಳು. 1089 ಸಿಸಿ ಎಂಜಿನ್ನು, ಸ್ಟಿಯರಿಂಗಿಗೆ ಅಂಟಿಕೊಂಡ ಗೇರು.

ಕೆಂಪು ದೀಪಕ್ಕೆ ಪರಿಚಯದವರೊಬ್ಬರು ಮದ್ದು ಹೇಳಿದರು: ದಪ್ಪ ಆಯಿಲ್ ಹಾಕಿ. ಅಪ್ಪನಿಗೆ ಅದು ತಕ್ಷಣ ಒಪ್ಪಿಗೆಯಾಯಿತು. ಅವರು ಹುಟ್ಟಿದ್ದು ಎತ್ತಿನ ಗಾಡಿಯ ಮನೆಯಲ್ಲಿ. ಗಾಡಿಯ ಕೆಳಗೆ ಬಿದಿರಿನ ಗೊಟ್ಟ ನೇತಾಡುತ್ತಿತ್ತು, ಅದರಲ್ಲಿ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ, ಮುಟ್ಟಿದರೆ ಮೂರು ದಿನ ಬಿಡದ ಮಸಿ. ಗಾಲಿ ಕಿರ್ ಎಂದರೆ ಬಳಿ, ಕಡಾಣಿ ಹಾಕು, ಹೊರಡು. ದಪ್ಪಗಿದ್ದಷ್ಟೂ ನಿಲ್ಲುತ್ತದೆ ಎಂಬುದು ಆ ವಿದ್ಯೆ. ಹರಳೆಣ್ಣೆಯ ಗೌರವ ಅಲ್ಲಿಗೇ ಮುಗಿಯುವುದಿಲ್ಲ. 1909ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಎಂಜಿನ್ ಆಯಿಲಿಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದೂ ಅದಕ್ಕೆ ಸೇರಿಸುತ್ತಿದ್ದ ಹರಳೆಣ್ಣೆಯಿಂದಲೇ.

ದಪ್ಪ ಆಯಿಲ್ ಬಿತ್ತು, ದೀಪ ಆರಿತು. ಅಪ್ಪ ಹಿಗ್ಗಿ, ಜೆ.ಸಿ. ರಸ್ತೆಯಲ್ಲಿ ಒಂದು ಆಯಿಲ್ ಪ್ರೆಶರ್ ಗೇಜನ್ನೂ ಕೊಂಡು ಹಾಕಿಸಿದರು. ಮುಳ್ಳು ಬಲಕ್ಕೆ ಬಾಗಿದಷ್ಟೂ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಕಡಲೆಕಾಯಿ ಪರಿಷೆಯ ಚಳಿಯ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದರೆ ಬಾನೆಟ್ಟಿನಡಿ ಟಕಟಕಟಕ. ನಿಲ್ಲಲೇ ಇಲ್ಲ. ಮುಳ್ಳು ಮಾತ್ರ ಬಲಕ್ಕೆ, ಠೀವಿಯಿಂದ.

ಚಾಮರಾಜಪೇಟೆಯ ಶೆಡ್ಡಿನ ಮೇಸ್ತ್ರಿ ರಾಕರಿನ ಮುಚ್ಚಳ ತೆಗೆದು ಇಣುಕಿದವರೇ, "ನೆತ್ತಿಗೆ ಎಣ್ಣೆ ಹೋಗ್ತಿಲ್ಲ ಸ್ವಾಮಿ" ಎಂದರು.

"ಪ್ರೆಶರ್ ಇದೆಯಲ್ಲಪ್ಪ!"

"ನಲ್ಲಿ ಬಾಯಿಗೆ ಬೆರಳಿಟ್ಟರೂ ಪ್ರೆಶರ್ ಇರುತ್ತೆ ಸ್ವಾಮಿ. ಬಿಂದಿಗೆ ತುಂಬಬೇಕಲ್ಲ?"

ಇಷ್ಟು ಚೆನ್ನಾಗಿ ನಮಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಎಣ್ಣೆ ಕೆಳಗಿನ ಚೇಂಬರಿನಿಂದ ಹೊರಟು, ಕ್ರ್ಯಾಂಕಿನ ಬೇರಿಂಗುಗಳನ್ನು ಮಾತಾಡಿಸಿ, ಕಡ್ಡಿ ತೂರುವಷ್ಟು ಸಣ್ಣ ದಾರಿಗಳಲ್ಲಿ ಹತ್ತಿ, ಕಟ್ಟಕಡೆಗೆ ತಲುಪುವುದು ಮೇಲಿನ ರಾಕರ್ ಶಾಫ್ಟಿಗೆ. ಚಳಿಯಲ್ಲಿ ದಪ್ಪ ಆಯಿಲ್ ಆ ದಾರಿ ಹತ್ತಲಾರದು, ಗೇಜಿನ ಮುಳ್ಳನ್ನು ಮಾತ್ರ ತಳ್ಳಬಲ್ಲದು. ಗಾಲಿಗೆ ಬಳಿದ ಕೀಲೆಣ್ಣೆ ಎಲ್ಲಿಗೂ ಹೋಗಬೇಕಿರಲಿಲ್ಲ.

ಬೇರಿಂಗಿಗೆ ಬೇಕಾದ ನಿಜವಾದ ಒತ್ತಡವನ್ನು ಪಂಪು ಕೊಡುವುದೂ ಇಲ್ಲ. 1880ರ ದಶಕದ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರು ರೈಲಿನ ಅಚ್ಚಿನ ಬೇರಿಂಗ್ ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಮೇಲೊಂದು ತೂತು ಕೊರೆದರೆ, ಅಚ್ಚು ತಿರುಗಿದ್ದೇ ಎಣ್ಣೆ ಅಲ್ಲಿಂದ ಹೊರಕ್ಕೆ ಉಕ್ಕಿತು. ಬಿರಡೆ ಜಡಿದ, ಬಿರಡೆ ಮೇಲೆದ್ದು ಬಂತು. ಮಾಪಕವಿಟ್ಟು ನೋಡಿದರೆ ಚದರ ಇಂಚಿಗೆ 200 ಪೌಂಡು ಮೀರಿತ್ತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಆ ಪೊರೆಯ ಮೇಲೆ ಲೋಹಕ್ಕೆ ಲೋಹ ತಾಗದಂತೆ ತೇಲುತ್ತದೆ. ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತ ಬರೆದ. ಪಂಪಿನದು ಬಡಿಸುವ ಕೆಲಸ, ಅಷ್ಟೆ. ಕೊನೆಯ ಎಲೆಯವರೆಗೂ ಬಡಿಸಬೇಕು.

ಮೇಸ್ತ್ರಿ ಚೇಂಬರ್ ಇಳಿಸಿದರು. ತಳದಲ್ಲಿ ಹೋಳಿಗೆಯ ಹೂರಣದಷ್ಟು ಗಟ್ಟಿ ಕರಿ ಗಸಿ, ಪಂಪಿನ ಜಾಲರಿ ಮುಕ್ಕಾಲು ಮುಚ್ಚಿತ್ತು. ಬೇರಿಂಗುಗಳು, ಪಂಪಿನ ಗೇರು ಹೊಸದಾದವು. ರಾಕರ್ ಶಾಫ್ಟಿನ ತೂತುಗಳನ್ನು ಒಂದೊಂದಾಗಿ ತಂತಿ ತೂರಿಸಿ ಬಿಡಿಸಿದರು. ಕೊನೆಗೆ 20ಡಬ್ಲ್ಯೂ-50 ಆಯಿಲ್ ಹೊಯ್ದು, ಪ್ಲಗ್ಗುಗಳನ್ನು ಬಿಚ್ಚಿಟ್ಟು, ನೆತ್ತಿಯಲ್ಲಿ ಎಣ್ಣೆ ಜಿನುಗುವವರೆಗೆ ಬರೀ ಸೆಲ್ಫ್ ಹೊಡೆದರು. ಆಮೇಲಷ್ಟೇ ಬೆಂಕಿ. ಬೇಸಿಗೆಗೊಂದು, ಚಳಿಗೊಂದು ಆಯಿಲ್ ಹಾಕುವ ಕಾಲದ ಎಂಜಿನ್ನಿಗೆ ಎರಡನ್ನೂ ಒಂದೇ ಡಬ್ಬಿಯಲ್ಲಿ ಕೊಡುವ ಈ ಮಲ್ಟಿಗ್ರೇಡು ಸಾಮಾನ್ಯ ಉಪಕಾರವಲ್ಲ. ಈಚಿನ ಕಾರುಗಳ ನೀರಿನಂಥ ಆಯಿಲ್ ಮಾತ್ರ ನಾನು ಹಾಕುವುದಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಅದರಲ್ಲಿ ಸತು, ರಂಜಕದ ಸಂಯುಕ್ತ ಕಡಿಮೆ. ಕ್ಯಾಮೂ ಟ್ಯಾಪೆಟ್ಟೂ ಉಜ್ಜಾಡುವ ಹಳೆಯ ಎಂಜಿನ್ನಿಗೆ ಬೇಕಾದದ್ದೇ ಅದು.

ಶೆಡ್ಡಿನಲ್ಲಿ ನಡೆದದ್ದನ್ನು ಅಪ್ಪ ವಿವರಿಸಿದಾಗ ಅಮ್ಮನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ನಮ್ಮನ್ನು ಮಣೆಯ ಮೇಲೆ ಕೂರಿಸಿ, ಅಶ್ವತ್ಥಾಮನಿಂದ ಹಿಡಿದು ಏಳು ಚಿರಂಜೀವಿಗಳ ಹೆಸರು ಹೇಳುತ್ತ, ಬೆಚ್ಚಗೆ ಕಾಸಿದ ಎಣ್ಣೆಯನ್ನು ಮೊದಲು ನೆತ್ತಿಗೇ ಇಡುತ್ತಿದ್ದವಳು ಅವಳು. "ಕಾಸದ ಎಣ್ಣೆ ಇಳಿಯೋದಿಲ್ಲ ಅಂತ ನಾನು ಹೇಳಿರಲಿಲ್ವಾ?" ಎಂದಳು.

ಈಗ ಕಾರು ನನ್ನದು. ಬೆಳಗ್ಗೆ ಸ್ಟಾರ್ಟ್ ಮಾಡಿ ಆಕ್ಸಲರೇಟರಿನಿಂದ ಕಾಲು ತೆಗೆದು ಕೂರುತ್ತೇನೆ. ಗೇಜು ನೋಡುವುದಿಲ್ಲ, ಕಿವಿಗೊಡುತ್ತೇನೆ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ... ವಿಭೀಷಣನ ಹೊತ್ತಿಗೆ ಮೇಲಿನ ಟಕಟಕ ಅಡಗುತ್ತದೆ. ಪರಶುರಾಮನವರೆಗೆ ಹೋಯಿತೆಂದರೆ ಅವತ್ತೇ ಚಾಮರಾಜಪೇಟೆಗೆ ಹೋಗಿ ಆಯಿಲ್ ಬದಲಿಸಿಕೊಂಡು ಬರುತ್ತೇನೆ.