ಬೀಗದ ಕೈ ಮತ್ತು ಮಳೆಗಾಲ

ಮನೆಯನ್ನು ಬಾಡಿಗೆಗೆ ಕೊಡುವುದು ಸುಲಭ, ಬಿಟ್ಟುಹೋದ ಮನೆಯ ಲೆಕ್ಕ ಚುಕ್ತಾ ಮಾಡುವುದು ಕಷ್ಟ. ಅದರಲ್ಲೂ ಮಾಲೀಕರು ಒಂದೂರಲ್ಲಿ, ಮನೆ ಇನ್ನೊಂದೂರಲ್ಲಿ, ಬೀಗದ ಕೈ ಮೂರನೆಯವರ ಜೇಬಿನಲ್ಲಿದ್ದರೆ ಕೇಳುವುದೇ ಬೇಡ. ಶಿಕಾರಿಪುರ, ಸೊರಬದ ಕಡೆಯಿಂದ ದುಡಿಮೆಗೆಂದು ಬೆಂಗಳೂರಿಗೋ ಕೊಲ್ಲಿ ನಾಡಿಗೋ ಹೋದ ಕುಟುಂಬಗಳಿಗೆ ಈ ಪಾಡು ಹೊಸದಲ್ಲ.

ನಮ್ಮ ತಂದೆ ಬಿಟ್ಟುಹೋದ ಹೆಂಚಿನ ಮನೆ ಶಿಕಾರಿಪುರದಲ್ಲಿದೆ. ನಾವು ನಾಲ್ವರು ಮಕ್ಕಳಲ್ಲಿ ಅಣ್ಣ ಮಾತ್ರ ಸೊರಬದಲ್ಲಿದ್ದಾರೆ, ಉಳಿದವರೆಲ್ಲ ದೂರ. ಹಾಗಾಗಿ ಪರಿಚಯದ ಒಬ್ಬರಿಗೆ ಉಸ್ತುವಾರಿ ಒಪ್ಪಿಸಿದ್ದೆವು. ಬಾಡಿಗೆ ವಸೂಲಿ, ಕರಾರು, ಸಣ್ಣಪುಟ್ಟ ರಿಪೇರಿ ಎಲ್ಲವೂ ಅವರದೇ. ಬಾಡಿಗೆಯಲ್ಲಿ ಒಂದು ಪಾಲೂ ಅವರದೇ. 2024ರ ಮೇ ಕೊನೆಯಲ್ಲಿ ಬಾಡಿಗೆಯವರು ಮನೆ ಖಾಲಿ ಮಾಡಿ ಅವರ ಕೈಗೆ ಕೀಲಿ ಕೊಟ್ಟರು. "ಎರಡು ದಿನದಲ್ಲಿ ನೋಡಿ ಹೇಳ್ತೀನಿ" ಎಂದರು ಉಸ್ತುವಾರಿಯವರು. ಆ ಎರಡು ದಿನ ಮುಗಿದದ್ದು ಆಗಸ್ಟಿನಲ್ಲಿ.

ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಆ ಮೂರು ತಿಂಗಳೆಂದರೆ ಇಡೀ ಮಳೆಗಾಲ. ಜನ ವಾಸವಿದ್ದ ಮನೆಯಲ್ಲಿ ಹೆಂಚು ಜಾರಿದರೆ ಯಾರಾದರೂ ಏಣಿ ಹಾಕಿ ಸರಿಪಡಿಸುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಒಂದೇ ಹೆಂಚು ಸಾಕು. ನೀರು ಗೋಡೆಗಿಳಿದು ಗಾರೆ ಉದುರುತ್ತದೆ, ಬಾಗಿಲು ಉಬ್ಬುತ್ತದೆ, ಗೆದ್ದಲು ಏರುತ್ತದೆ. ಅಣ್ಣ ಹೋಗಿ ಬಾಗಿಲು ತೆಗೆಸಿದಾಗ ಇದೆಲ್ಲವೂ ಆಗಿತ್ತು. ಜೊತೆಗೆ ಸಿಂಕ್ ಒಡೆದಿತ್ತು, ನೀರಿನ ಮೋಟಾರು ಸುಟ್ಟಿತ್ತು. "ಎಲ್ಲ ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ" ಎಂದು ಉಸ್ತುವಾರಿಯವರು ಹಗುರಾಗಿ ಹೇಳಿದರು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರ ತಾನು ಪಡೆದ ಸ್ಥಿತಿಯಲ್ಲೇ ಮನೆ ಹಿಂತಿರುಗಿಸಬೇಕು. ಆದರೆ ಸಹಜ ಸವಕಳಿ ಮತ್ತು ತಡೆಯಲಾಗದ ಪ್ರಕೃತಿಯ ಹೊಡೆತ ಅವನ ತಲೆಗೆ ಬರುವುದಿಲ್ಲ. ಹಾಗಾದರೆ ಯಾವ ಕಲೆ ಬಾಡಿಗೆದಾರನದು, ಯಾವುದು ಮಳೆಯದು? ಕೀಲಿ ಕೊಟ್ಟ ದಿನ ಒಳಗೆ ಹೋಗಿ ನೋಡಿದವರು ಮಾತ್ರ ಹೇಳಬಲ್ಲರು. ಯಾರೂ ನೋಡಿರಲಿಲ್ಲ. ಗೇಣಿ ಅಳೆಯುವ ಕೊಳಗದ ವಿಚಾರಕ್ಕೆ 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರು ಸತ್ಯಾಗ್ರಹಕ್ಕಿಳಿದ ಸೀಮೆ ಇದು. ಒಡೆಯರ ಬಾಯಿಲೆಕ್ಕವನ್ನು ಇಲ್ಲಿ ಯಾರೂ ಸುಮ್ಮನೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಬಾಡಿಗೆಯಲ್ಲಿದ್ದವರು ಸೊರಬಕ್ಕೇ ಬಂದರು. ಹೊಸ ಮನೆಯ ಅಡ್ವಾನ್ಸ್‌ಗೆ ಮಾಡಿದ ಕೈಸಾಲ ಮೂರು ತಿಂಗಳಿಂದ ಹಾಗೇ ನಿಂತಿತ್ತು. "ಅಣ್ಣಾ, ಸಿಂಕ್ ಒಡೆದದ್ದು ನಮ್ಮ ಹುಡುಗ. ಮೋಟಾರೂ ನಮ್ಮ ಕಾಲದಲ್ಲೇ ಹೋಗಿದ್ದು. ಅದರ ದುಡ್ಡು ಹಿಡ್ಕೊಳ್ಳಿ. ಮಾಡಿನ ನೀರು ಮಾತ್ರ ನಮ್ದಲ್ಲ, ನಾವು ಬಿಟ್ಟಾಗ ಮಳೆ ಹಿಡಿದಿರಲಿಲ್ಲ" ಎಂದರು. ಖಾಲಿ ಮಾಡಿದ ದಿನ ಮೊಬೈಲಿನಲ್ಲಿ ತೆಗೆದ ಗೋಡೆಗಳ ಫೋಟೊ ತೋರಿಸಿದರು. ಮೆಸ್ಕಾಂ ಮೀಟರಿನ ಅಂದಿನ ಅಂಕಿಯೂ ಅದರಲ್ಲಿತ್ತು. ನಮ್ಮ ಪರವಾಗಿ ಆಗಬೇಕಿದ್ದ ಕೆಲಸವನ್ನು ಅವರೇ ಮಾಡಿಟ್ಟಿದ್ದರು! "ಅನುಮಾನದ ದುಡ್ಡು ನಮಗೆ ಬೇಡ" ಎಂದು ಅಕ್ಕ ಫೋನಿನಲ್ಲೇ ತೀರ್ಮಾನ ಹೇಳಿದರು. ಎರಡರ ಬೆಲೆ ಮುರಿದು ಉಳಿದದ್ದನ್ನು ಅಂದೇ ಕೊಟ್ಟೆವು.

ಮಾಡು, ಗೋಡೆ, ಬಾಗಿಲಿನ ಖರ್ಚು ಉಳಿಯಿತು. 1872ರ ಕರಾರು ಕಾಯ್ದೆಯ 212ನೇ ಕಲಮು ಇಂಥ ಪ್ರಸಂಗಕ್ಕೇ ಇದೆ: ಏಜೆಂಟನ ಅಲಕ್ಷ್ಯದಿಂದ ನೇರವಾಗಿ ಆದ ನಷ್ಟವನ್ನು ಅವನೇ ತುಂಬಬೇಕು. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲೂ ಆಸ್ತಿ ನೋಡಿಕೊಳ್ಳುವವರ ಕರ್ತವ್ಯಗಳ ಪ್ರಸ್ತಾಪವಿದೆ. ನಾವು ಮೇಸ್ತ್ರಿಯ ಅಂದಾಜುಪಟ್ಟಿ ಲಗತ್ತಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಿದೆವು. "ಇಷ್ಟು ವರ್ಷದ ಪರಿಚಯಕ್ಕೆ ಕಾಗದ ಕಳಿಸ್ತೀರಾ?" ಎಂಬ ಫೋನು ಬಂತು, ಹಣ ಬರಲಿಲ್ಲ. ಪರಿಚಯವೆಂಬುದು ನಮ್ಮಲ್ಲಿ ಕೆಲಸ ಹಿಡಿಯುವಾಗ ಶಿಫಾರಸು, ಲೆಕ್ಕ ಕೇಳಿದಾಗ ಗುರಾಣಿ.

ಇಂಥ ದಾವೆ ಹೂಡಲು ಮೂರು ವರ್ಷಗಳ ಅವಧಿಯಿದೆ. ಆದರೆ ಸಣ್ಣ ಮೊತ್ತಕ್ಕೆ ವಕೀಲರ ಫೀಸು ಕೊಟ್ಟು ವಾಯಿದೆಗಳಿಗೆ ಅಲೆದರೆ ಹೆಂಚಿಗಿಂತ ಓಡಾಟವೇ ದುಬಾರಿ. ದಾವೆಗೆ ಮುಂಚೆಯೇ ಲೋಕ ಅದಾಲತ್ತಿನಲ್ಲಿ ರಾಜಿಗೆ ಅವಕಾಶವಿದೆ, ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಣ್ಣ ಅರ್ಜಿ ಕೊಟ್ಟಿದ್ದಾರೆ. ಮೊದಲ ಕರೆಗೆ ಉಸ್ತುವಾರಿಯವರು ಬರಲಿಲ್ಲ. ಮಾಡು ಮಾತ್ರ ಕಾಯುವುದಿಲ್ಲವಲ್ಲ, ನಾಲ್ವರೂ ಹಣ ಹಾಕಿ ಹೆಂಚು ಹೊದಿಸಿದ್ದೇವೆ.