ಅಪ್ಪನ ಪೆನ್ನು

ನಿನ್ನೆ ಅಪ್ಪನ ಹೀರೋ ಪೆನ್ನು ತೊಳೀತಾ ಕೂತಿದ್ದೆ. ಅವರು ಹೋದ ಮೇಲೆ ಆರು ವರ್ಷ ಮುಚ್ಚಳ ತೆಗೆದಿರ್ಲಿಲ್ಲ, ಇಂಕು ಒಳಗೇ ಗಟ್ಟಿಯಾಗಿತ್ತು. ಬಿಸಿನೀರು, ಸ್ಪಿರಿಟ್ಟು ಹಾಕ್ಬೇಡಿ ಗೆಳೆಯರೇ, ಪ್ಲಾಸ್ಟಿಕ್ಕು ಹಾಳಾಗುತ್ತೆ. ತಣ್ಣೀರಿಗೆ ಪಾತ್ರೆ ಸೋಪಿನ ಒಂದು ಹನಿ ಬಿಟ್ಟು ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಒಳಗಿನ ಟ್ಯೂಬು ಒತ್ತಿ ಒತ್ತಿ ಬಿಡಿ. ನನಗೆ ಏಳು ಲೋಟ ನೀರು ಹಿಡೀತು. ಏಳನೇದೂ ತಿಳಿನೀಲಿ.

ಕೇರಿಯವರ ಅರ್ಜಿಗಳನ್ನೆಲ್ಲ ಅಪ್ಪ ಬರೀತಿದ್ದುದು ಇದರಲ್ಲೇ. ಕೊನೇದು, ಸ್ಮಶಾನಕ್ಕೆ ಜಾಗ ಕೇಳಿ. ಜಾಗ ಬರಲಿಲ್ಲ. ಅಪ್ಪನನ್ನೂ ಹಳ್ಳದ ದಂಡೇಲೇ ಮಣ್ಣು ಮಾಡಿದ್ವಿ. ಆ ಅರ್ಜಿಯಲ್ಲಿ ಉಳಿದ ಇಂಕೇ ಬೆರಳಿಗೆ ಹತ್ತಿದೆ, ಉಜ್ಜೋಕೆ ಮನಸ್ಸಾಗ್ತಿಲ್ಲ.

ತೊಳೆದ ನಿಬ್ಬು ಆರಿದೆ. ಇವತ್ತು ರಾತ್ರಿ ಅದೇ ಅರ್ಜಿ ಮತ್ತೆ ಬರೀತೀನಿ. ಸೋಮವಾರ ತಾಲ್ಲೂಕು ಕಚೇರಿಗೆ ಬರೋರು ಹತ್ತು ಗಂಟೆಗೆ ಅಂಬೇಡ್ಕರ್ ಭವನದ ಹತ್ರ ಸೇರಿ.

ಜೈ ಭೀಮ್.